ಗೌರಾಬಾಯಿ ಕವಲುದಾರಿಗೆ ಇಟ್ಟ ಮುಳ್ಳು

ಥಾವರು ನಾಯಕ ಲದೇಣಿಯ ಕಾಲದವನು. ಎತ್ತಿನ ಬೆನ್ನಿಗೆ ಗೋಣಿ ಹೇರಿಕೊಂಡು ಕೊಂಕಣದ ಕರಾವಳಿಗೆ ಇಳಿದು, ಉಪ್ಪು ತುಂಬಿಕೊಂಡು ಘಟ್ಟ ಹತ್ತಿ, ವಿಜಯಪುರ ಸೀಮೆಯ ಸಂತೆಸಂತೆಗೆ ಮಾರುತ್ತ ನಡೆಯುವ ಲಂಬಾಣಿಗರ ವ್ಯಾಪಾರಕ್ಕೆ ಲದೇಣಿ ಎನ್ನುತ್ತಿದ್ದರು. ಥಾವರು ಅದರ ಮುಂದಾಳು. ಘಟ್ಟದ ಮಂಜಿನಲ್ಲಿ ತನ್ನ ಕೈ ತನಗೆ ಕಾಣದಿದ್ದಾಗಲೂ ಅವನ ಹಿಂದೆ ಬಂದ ಎತ್ತಾಗಲಿ ಮನುಷ್ಯರಾಗಲಿ ದಾರಿ ತಪ್ಪಿದ್ದಿಲ್ಲವೆಂದು ತಾಂಡಾದ ಹೆಂಗಸರು ಹಾಡು ಕಟ್ಟಿದ್ದರು. ಅವನ ಮಗ ರೂಪ್ಲಾನ ಹೊತ್ತಿಗೆ ರೈಲು ಬಂತು, ಉಪ್ಪು ರೈಲು ಹತ್ತಿತು, ಎತ್ತುಗಳು ಮಾರಿಹೋದವು. ರೂಪ್ಲಾ ಎದೆಗುಂದಲಿಲ್ಲ. ಪ್ಲೇಗು ಬಂದ ವರ್ಷ ಇಡೀ ತಾಂಡಾವನ್ನು ಕೂಸುಕುನ್ನಿ ಸಮೇತ ಗುಡ್ಡದಾಚೆಗೆ ನಡೆಸಿಕೊಂಡು ಹೋಗಿ, ಬೇನೆ ಅಡಗಿದ ಮೇಲೆ ಅಷ್ಟೂ ಮಂದಿಯನ್ನು ಹಾಗೇ ನಡೆಸಿಕೊಂಡು ಬಂದ. ರೂಪ್ಲಾನ ಮಗ ಧನಸಿಂಗ ಸರಕಾರಿ ರಸ್ತೆಯ ಮೈಲುಕೂಲಿ. ತನ್ನ ಪಾಲಿನ ರಸ್ತೆಯಲ್ಲಿ ಗುಂಡಿ ಬಿದ್ದರೆ ತನ್ನ ಮನೆಯ ಮಾಳಿಗೆಯೇ ತೂತಾದಂತೆ ಸಂಕಟಪಡುತ್ತಿದ್ದ. ಜೀಪಿನಲ್ಲಿ ಬಂದ ಸಾಹೇಬರಿಗೂ ಕೈಯಲ್ಲಿದ್ದ ಬುಟ್ಟಿಯ ಮೊರಮ್ಮು ಸುರುವಿ ಮುಗಿಸಿದ ಮೇಲೇ ಕೈ ಮುಗಿಯುತ್ತಿದ್ದ. ಆ ಧನಸಿಂಗನ ಹಿರಿಮಗಳು ಗೌರಾಬಾಯಿ.

ಈ ಮೂವರಿಂದಲೂ ಅವಳಿಗೆ ಬಂದದ್ದು ಸೋಲದ ಕಾಲು. ಅದರ ಜೊತೆಗೆ ಯಾರನ್ನೂ ಸುಲಭಕ್ಕೆ ನಂಬದ ಕಣ್ಣೂ ಬಂದಿತ್ತು. ಬಯಲಲ್ಲಿ ಮಲಗಿ ಬೆಳೆದ ಜನ, ಎಲೆ ಅಲುಗಿದರೂ ಯಾರದು ಎಂದು ಕೇಳುವ ರೂಢಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಾಂಡಾದ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ, ಒಬ್ಬಳೇ ಮಗಳು ಶ್ರೀದೇವಿಯನ್ನು ಓದಿಸಿದಳು. ಶ್ರೀದೇವಿ ಔಷಧಿಶಾಸ್ತ್ರ ಕಲಿತು ಅಮೆರಿಕಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿ ಸೇರಿ, ಮಾರಿಸ್‌ವಿಲ್ಲಿನ ಪಡುವಣ ಅಂಚಿನಲ್ಲಿ ಟೌನ್‌ಹೌಸ್ ಎಂಬ ಸಾಲುಮನೆ ಕೊಂಡು, ತಾಯಿಯನ್ನು ಕರೆಸಿಕೊಂಡಳು. ಮನೆಯೊಳಗೆ ತಾಯಿ-ಮಗಳ ಮಾತು ಲಂಬಾಣಿಯಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಇಬ್ಬರನ್ನೂ ಶಾಲೆಯಲ್ಲಿ ಮಾಸ್ತರರು ಬೈದದ್ದು ಕನ್ನಡದಲ್ಲೇ ಆದದ್ದರಿಂದ ಸಿಟ್ಟಿಗೆ ಅದೇ ಭಾಷೆ ಒಗ್ಗಿಹೋಗಿತ್ತು.

ಜಗಳಕ್ಕೆ ಬರವಿರಲಿಲ್ಲ. ಬಾಗಿಲ ಗಂಟೆಯೊಳಗೆ ಕೂತ ಕ್ಯಾಮೆರಾದ ಮೇಲೆ ಗೌರಾಬಾಯಿ ಅರಿವೆ ಹೊದಿಸಿದಳು. ಅಂಗಡಿಯಲ್ಲಿ ಹಲ್ಲುಕಡ್ಡಿಗೆ ಚೀಸ್ ಚುಚ್ಚಿ ರುಚಿ ನೋಡಿ ಎಂದು ಚಾಚಿದವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಪುಕ್ಕಟೆ ಕೊಡಾಕತ್ತಾಳಂದ್ರ ಒಳಗ ಏನೋ ಅದ” ಎಂದು ಮಗಳ ತೋಳು ಜಗ್ಗಿದಳು. ಎದುರು ಮನೆಯವನು ನಕ್ಕು ಕೈ ಬೀಸಿದರೆ, “ಗುರುತಿಲ್ಲ ಪರಿಚಯಿಲ್ಲ, ಯಾಕ ನಗ್ತಾನವ?” ಎಂದು ಪರದೆ ಎಳೆದಳು.

ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲ್ಲಿನ ಒಂದು ಬೆಳಿಗ್ಗೆಯಂತೂ ಬಾಗಿಲು ತೆಗೆದವಳೇ ಬೆಚ್ಚಿಬಿದ್ದಳು. ಮೆಟ್ಟಿಲ ಮೇಲೆ, ಕಾರಿನ ಮೇಲೆ, ಹೂವಿನ ಕುಂಡದ ಮೇಲೆ ಹಳದಿ ಪುಡಿ.

“ಯಾರೋ ನಮ್ಮ ಬಾಗಲಿಗೆ ಅರಿಷಿಣ ಚೆಲ್ಲ್ಯಾರ. ಮುಟ್ಟಬ್ಯಾಡ!”

“ಯಾಡಿ, ಅದು ಪೋಲನ್. ಪೈನ್ ಗಿಡದ್ದು,” ಎಂದಳು ಶ್ರೀದೇವಿ. ಯಾಡಿ ಎಂದರೆ ಅವರ ಮಾತಿನಲ್ಲಿ ಅವ್ವ. “ಎಲ್ಲಾರ ಮನಿ ಮುಂದೂ ಬಿದ್ದದ ನೋಡು.”

“ಇಷ್ಟೂ ಮನಿಗೆ ಚೆಲ್ಲ್ಯಾರಂದ್ರ ಅಂವ ಸಣ್ಣ ಆಸಾಮಿ ಅಲ್ಲ.”

ಶ್ರೀದೇವಿ ನಕ್ಕು ನಕ್ಕು ಕಚೇರಿಯ ಕರೆಗೆ ತಡ ಮಾಡಿಕೊಂಡಳು.

ಇಂಥ ಗೌರಾಬಾಯಿ ಆ ದೇಶದಲ್ಲಿ ಅನುಮಾನವಿಲ್ಲದೆ ಒಪ್ಪಿಕೊಂಡದ್ದು ಒಂದೇ, ಮನೆಯ ಹಿಂದಿನ ಕಾಲುದಾರಿ. ಟೌನ್‌ಹೌಸುಗಳ ಸಾಲು ಮುಗಿದಲ್ಲಿಗೆ ಪಟ್ಟಣ ಮುಗಿದು ಹಳ್ಳಿ ಶುರುವಾಗುತ್ತಿತ್ತು. ಹಳ್ಳಿಯೆಂದರೆ ಒಂದು ಬಿಳಿ ಚರ್ಚು, ಬಾಗಿಲು ಮುಚ್ಚಿದ ಒಂದು ಅಂಗಡಿ, ದೂರದೂರಕ್ಕೆ ನಾಲ್ಕಾರು ಮನೆ, ಕರಿ ದನ ಮೇಯುವ ಒಂದು ಹುಲ್ಲುಗಾವಲು. ಅಂಚೆಪೆಟ್ಟಿಗೆಗಳ ಹತ್ತಿರ ಹೊರಟು, ಮಳೆನೀರಿನ ಹೊಂಡ ಬಳಸಿ, ಕರೆಂಟಿನ ದೊಡ್ಡ ಕಂಬಗಳ ಕೆಳಗಿನ ಜಲ್ಲಿಯ ಮೇಲೆ ನಡೆದು, ಪೈನ್ ತೋಪಿನ ನೆರಳು ಹೊಕ್ಕರೆ, ಹಿಂದಿನವರು ತಂಬಾಕು ಒಣಗಿಸುತ್ತಿದ್ದ ಮರದ ಕೊಟ್ಟಿಗೆ ಸಿಗುತ್ತದೆ. ಅಲ್ಲಿ ದಾರಿ ಕವಲು. ಬಲಗವಲು ದನದ ಬೇಲಿ ಹಿಡಿದು ಚರ್ಚಿಗೆ ಮುಟ್ಟಿಸಿ, ಅಲ್ಲಿಂದ ರಸ್ತೆಯಂಚಿನಲ್ಲೇ ಮನೆಗೆ ತಂದುಬಿಡುತ್ತದೆ. ಏರಿಲ್ಲ, ಇಳಿಜಾರಿಲ್ಲ, ಮೊಣಕಾಲಿಗೆ ತ್ರಾಸಿಲ್ಲ. ಎಡಗವಲು ಮಾತ್ರ ಕಾಡಿನೊಳಗೆ ತಿರುಗಿ ತಿರುಗಿ ಎಲೆರಾಶಿಯಲ್ಲಿ ಮಾಯವಾಗುತ್ತಿತ್ತು. ಮೊದಲ ವಾರ ಅಲ್ಲಿ ಸ್ವಲ್ಪ ದೂರ ಹೋಗಿ ನೋಡಿದ ಗೌರಾಬಾಯಿ, ಊರಿಗೆ ಮುಟ್ಟದ ದಾರಿ ಎಂದು ತಿರುಗಿ ಬಂದಳು.

ಮಕ್ಕಳ ಮನೆಗೆ ಬಂದು ಗೋಡೆ ನೋಡುತ್ತ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ಅವಳ ಬೆನ್ನು ಹತ್ತಿದರು. ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗಳ ಹಳೆಯ ಬೂಟು ತೊಟ್ಟು ಗೌರಾಬಾಯಿ ಮುಂದೆ. ಹಿಂದೆ ಮೈಸೂರಿನ ಬದರಿನಾಥರು, ಟೆಲಿಫೋನ್ ಇಲಾಖೆಯ ನಿವೃತ್ತ ಇಂಜಿನಿಯರು, ಮಗ ಶಶಾಂಕ್ ಕೊಡಿಸಿದ ಕೈಗಡಿಯಾರದಲ್ಲಿ ತಮ್ಮ ನಾಡಿ ತಾವೇ ನೋಡಿಕೊಳ್ಳುತ್ತ. ಎಲ್ಲರಿಗಿಂತ ಹಿಂದೆ ಅವರ ಹೆಂಡತಿ ಶೈಲಜಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು, ಮೆಲುಮಾತು, ಎರಡೂ ಮೊಣಕಾಲು ನೋವು. ಇವರ ಜೊತೆಗೆ ಇನ್ನೊಂದಿಷ್ಟು ಮಂದಿ ಬಂದು ಹೋಗುವವರು.

ಹಿಂದುಳಿದವರಿಗೆ ಗುರುತು ಬಿಡುವುದು ಲದೇಣಿಯ ಪದ್ಧತಿ. ಮುಂದೆ ಹೋದವರು ಹುಲ್ಲು ಗಂಟು ಹಾಕಿದರೆ ‘ಇತ್ತ ಬನ್ನಿ’ ಎಂದು ಅರ್ಥ. ಕವಲಿನಲ್ಲಿ ಮುಳ್ಳು ಅಡ್ಡ ಹಾಕಿದರೆ ‘ಇತ್ತ ಕಾಲಿಡಬೇಡಿ’ ಎಂದು. ಕೂಸು ಹೊತ್ತ ಹೆಂಗಸರು, ಕುಂಟುವ ಎತ್ತುಗಳು ಅದನ್ನು ನೋಡಿಕೊಂಡೇ ಘಟ್ಟ ದಾಟುತ್ತಿದ್ದುದು. ಗೌರಾಬಾಯಿಯೂ ಗಿಡ ಕತ್ತರಿಸುವ ಕತ್ತರಿಯನ್ನು ಸ್ವೆಟರಿನ ಕಿಸೆಯಲ್ಲಿಟ್ಟುಕೊಂಡು ಹೋಗಿ, ಕಾಡು ಬ್ಲ್ಯಾಕ್‌ಬೆರಿಯ ಮುಳ್ಳುಬಳ್ಳಿ ಕೊಯ್ದು, ಹೊರೆಮಾಡಿ ಎಡಗವಲಿಗೆ ಅಡ್ಡ ಹಾಕಿದಳು. ಶೈಲಜಾರಿಗೆ ಹೇಳಿದಳು: “ಟೀಚರ, ನೀವು ಸಾವಕಾಶ ಬರ್ರಿ. ಮುಳ್ಳಿರೋ ದಾರಿ ಬಿಡ್ರಿ, ಇಲ್ಲದ ದಾರಿ ಹಿಡೀರಿ. ನಿಮ್ಮನ್ನ ಕಳಕೊಂಡ್ರ ನಾ ಧನಸಿಂಗನ ಮಗಳೇ ಅಲ್ಲ.”

ಒಂದು ದಿನ ಮುಳ್ಳು ಇರಲಿಲ್ಲ.

ಜಿಂಕೆಯ ಕೆಲಸವಿರಬೇಕೆಂದು ಮತ್ತೆ ಹಾಕಿದಳು. ಕೆಲವು ದಿನ ಇತ್ತು, ಮತ್ತೆ ಹೋಯಿತು. ಈ ಸಲ ಹುಡುಕಿದಳು. ಹೊರೆಗೆ ಹೊರೆಯೇ ಪೊದೆಯಾಚೆ ಬಿದ್ದಿತ್ತು. ಜಿಂಕೆ ಮುಳ್ಳಿನ ಚಿಗುರು ತಿಂದೀತು, ಹೊರೆ ಎತ್ತಿ ಎಸೆದೀತೇ? ಎರಡು ಕಾಲಿನ ಜಿಂಕೆ ಇದು ಎಂದು ಗೌರಾಬಾಯಿ ಹುಬ್ಬು ಗಂಟಿಕ್ಕಿದಳು. ಆ ದಿನದಿಂದ ನಡಿಗೆಯ ರುಚಿ ಕೆಟ್ಟಿತು. ಹಕ್ಕಿಯ ಕೂಗು ಕಿವಿಗೆ ಬೀಳಲಿಲ್ಲ, ದನದ ಕರು ಕಣ್ಣಿಗೆ ಬೀಳಲಿಲ್ಲ. ಎದುರಿಗೆ ನಾಯಿ ಹಿಡಿದು ಬರುವವರ ಕೈಯಲ್ಲಿ ಗೀರು ಇದೆಯೇ ಎಂದು ನೋಡುವಳು. ಕೊಟ್ಟಿಗೆಯ ಬಳಿ ಒಮ್ಮೊಮ್ಮೆ ನಿಂತಿರುತ್ತಿದ್ದ ಹಸಿರು ಪಿಕಪ್ ಗಾಡಿಯ ಗಾಜಿಗೆ ಹಣೆ ತಾಗಿಸಿ ಒಳಗೆ ಇಣುಕುವಳು. ಒಳಗೆ ಒಂದು ಸಲಿಕೆ, ಖಾಲಿ ಬಾಟಲಿ. ಸಲಿಕೆ ಯಾಕೆ?

ಆದರೆ ಅವಳ ಅನುಮಾನ ಗಟ್ಟಿಯಾಗಿ ಹೋಗಿ ಕೂತದ್ದು ಬದರಿನಾಥರ ಮೇಲೆ. ಅದಕ್ಕೆ ಕಾರಣವೂ ಇತ್ತು. “ಗೌರಾಬಾಯವ್ರೇ, ಈ ಮುಳ್ಳು ಗಿಳ್ಳು ಯಾಕೆ? ಫೋನಲ್ಲಿ ಮ್ಯಾಪ್ ಹಾಕಿ ಎಲ್ಲರಿಗೂ ಶೇರ್ ಮಾಡ್ತೀನಿ, ಸ್ಯಾಟಲೈಟೇ ದಾರಿ ತೋರಿಸತ್ತೆ” ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದರು. ಮುಂದಾಳುತನದ ಮೇಲೆ ಕಣ್ಣಿಟ್ಟವರು ಇನ್ನು ಹೇಗಿರುತ್ತಾರೆ ಎಂದುಕೊಂಡಳು.

ಆಮೇಲೆ ಆ ಭಾನುವಾರ ಬಂತು. ಗೌರಾಬಾಯಿ ಕವಲು ದಾಟುವಾಗ ಎಡಕ್ಕೆ ಮುಳ್ಳು ಇತ್ತು, ಕಣ್ಣಾರೆ ನೋಡಿ ಮುಂದೆ ಹೋದಳು. ದನದ ಬೇಲಿಯ ಹತ್ತಿರ ಬದರಿನಾಥರು ತಲೆ ಮುಟ್ಟಿಕೊಂಡು, ಟೋಪಿ ಮರೆತೆ ಎಂದು ಹಿಂದಿರುಗಿದರು. ಉಳಿದವರು ಚರ್ಚಿನ ಮುಂದೆ ಕಾಯುತ್ತ ನಿಂತರು. ಎಷ್ಟೋ ಹೊತ್ತಿಗೆ ಬದರಿನಾಥರು ಟೋಪಿ ಹಾಕಿಕೊಂಡು ಒಬ್ಬರೇ ಬಂದರು.

“ಶೈಲಜಾ ಎಲ್ಲಿ?” ಎಂದರು ಅವರು.

“ನಿಮ್ಮ ಸಂಗಾಟ ಇಲ್ಲೇನು?” ಎಂದಳು ಗೌರಾಬಾಯಿ. ದಾರಿಯಲ್ಲಿ ಎಲ್ಲೂ ಸಿಗಲಿಲ್ಲ, ನಿಮ್ಮ ಜೊತೆ ಇರಬೇಕು ಅಂದುಕೊಂಡೆ ಎಂದರು ಬದರಿನಾಥರು.

ಓಡಿದರು, ಕೂಗಿದರು. ಗೌರಾಬಾಯಿ ಎಲ್ಲರಿಗಿಂತ ಮುಂದಾಗಿ ಕವಲು ಮುಟ್ಟಿ ನೋಡಿದರೆ ಎಡದಾರಿ ಬೋಳಾಗಿತ್ತು. ಮುಳ್ಳಿನ ಹೊರೆ ಬಲದಾರಿಯ ನಡುವೆ ಬಿದ್ದಿತ್ತು. ಮುಳ್ಳು ಬಿಟ್ಟು ಬಾ ಎಂದು ಹೇಳಿಸಿಕೊಂಡಿದ್ದ ಶೈಲಜಾ ಮುಳ್ಳು ಬಿಟ್ಟು ಎಡಕ್ಕೇ ಹೋಗಿದ್ದರು. ಕಾಡಿನೊಳಗೆ ಫೋನಿಗೆ ಸಿಗ್ನಲ್ ಇಲ್ಲ. ರಸ್ತೆಗೆ ಓಡಿಬಂದು ಶಶಾಂಕನಿಗೆ ಫೋನ್ ಮಾಡಿದರು. ಅವನು ಪೊಲೀಸರಿಗೆ ಫೋನ್ ಮಾಡುವುದರಲ್ಲಿದ್ದ. ಅಷ್ಟರಲ್ಲಿ ಶೈಲಜಾ ಸೀರೆಯ ತುಂಬ ಹಳದಿ ಪುಡಿ ಮೆತ್ತಿಕೊಂಡು ರಸ್ತೆಯ ಕಡೆಯಿಂದ ಬಂದರು. “ಏನಿಲ್ಲ, ಸ್ವಲ್ಪ ದಾರಿ ತಪ್ಪಿತ್ತು, ನಾನೇ ಕಂಡ್ಕೊಂಡು ಬಂದೆ” ಎಂದಷ್ಟೇ ಹೇಳಿ ನೀರು ಕೇಳಿದರು.

ಥಾವರು ನಾಯಕನ ವಂಶದಲ್ಲಿ ಮೊದಲ ಬಾರಿಗೆ ಹಿಂದೆ ಬಂದವರೊಬ್ಬರು ದಾರಿ ತಪ್ಪಿದ್ದರು. ಆ ರಾತ್ರಿ ಗೌರಾಬಾಯಿ ರೊಟ್ಟಿ ಮುಟ್ಟದೆ ಲೆಕ್ಕ ಹಾಕುತ್ತ ಕೂತಳು. ಮುಳ್ಳು ತೆಗೆಯುವುದು ಕುಚೇಷ್ಟೆ ಎನ್ನೋಣ. ಆದರೆ ಎಡದಿಂದ ತೆಗೆದು ಬಲಕ್ಕೆ ಹಾಕುವುದೆಂದರೆ ಗುರುತಿನ ಭಾಷೆ ಬಲ್ಲವರ ದ್ರೋಹ. ಆ ಭಾಷೆ ಬಲ್ಲವರು, ಆ ಹೊತ್ತಿಗೆ ಅಲ್ಲಿದ್ದವರು ಯಾರು?

ಮರುದಿನ ಹೊಂಡದ ದಂಡೆಯ ಬೆಂಚಿನ ಹತ್ತಿರ ಎಲ್ಲರೂ ಸೇರಿದಾಗ ಅವಳು ಶುರುಮಾಡಿದಳು.

“ಬದರಿನಾಥರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ.”

“ಕೇಳಿ ಕೇಳಿ. ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡು ನಾನು ಈ ಊರಲ್ಲಿ ಇರೋಕಾಗತ್ತಾ?”

“ನಿನ್ನಿ ಟೊಪ್ಪಿಗಿ ಎಲ್ಲಿ ಸಿಕ್ತು?”

“ಇದೇ ಬೆಂಚಲ್ಲಿ.”

“ಈ ಬೆಂಚಿನ ಮ್ಯಾಲ ನಿನ್ನಿ ಯಾರೂ ಕೂತಿರಲಿಲ್ಲಲ್ಲ?”

“ಶೂ ಲೇಸ್ ಕಟ್ಕೊಳಕ್ಕೆ ಕೂತಿದ್ದೆ ಕಣ್ರೀ! ಇದೇನು ಪೊಲೀಸ್ ಸ್ಟೇಷನ್ನಾ?”

“ನಾ ಎಡಕ್ಕಿಟ್ಟ ಮುಳ್ಳು ಬಲಕ್ಕ ಹೆಂಗ ಹೋತು ಹೇಳ್ರಿ. ಮುಳ್ಳಿಗೇನು ಕಾಲು ಬಂದಿದ್ವೇನು?”

ಬದರಿನಾಥರು ಅವಳ ಕಡೆ ಪೂರ್ತಿ ತಿರುಗಿದರು. “ಅಂದ್ರೆ ನನ್ನ ಹೆಂಡ್ತಿ ಕಳ್ದುಹೋಗ್ಲಿ ಅಂತ ನಾನೇ ಮುಳ್ಳು ಎತ್ತಿಟ್ಟೆ ಅಂತೀರಾ? ಮದುವೆ ಆಗಿ ಇಷ್ಟು ವರ್ಷ ಆಯ್ತು. ಕಳೀಬೇಕು ಅಂತಿದ್ರೆ ಮೈಸೂರು ದಸರಾ ಜನಜಂಗುಳೀಲೇ ಕಳೀತಿದ್ದೆ!”

ಎಲ್ಲರೂ ನಕ್ಕರು. ಗೌರಾಬಾಯಿ ನಗಲಿಲ್ಲ. “ಹೆಂಡ್ತೀನ ಕಳ್ಯಾಕಲ್ಲ, ನನ್ನ ಹೆಸರು ಕಳ್ಯಾಕ. ಮುಂದ ನೀವು ನಡೀಬೇಕಲ್ಲ, ಮ್ಯಾಪು ಹಿಡಕೊಂಡು.”

“ನೋಡಿ, ನಾನು ಕವಲಿಗೆ ಬಂದಾಗ ಮುಳ್ಳು ಎಡಕ್ಕಿತ್ತೋ ಬಲಕ್ಕಿತ್ತೋ ನೋಡೇ ಇಲ್ಲ. ಫೋನ್ ನೋಡ್ಕೊಂಡು ದಾಟಿ ಬಂದೆ.”

“ಕಾಲಾಗಿನ ಮುಳ್ಳು ಕಾಣದಾಂವ ಮಂದಿಗೆ ದಾರಿ ತೋರಸ್ತಾನಂತ!”

ಬದರಿನಾಥರು ಟೋಪಿ ತೆಗೆದು ಬೆಂಚಿಗೆ ಬಡಿದರು. ಶೈಲಜಾ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೊಂಡದ ನೀರು ನೋಡುತ್ತ ಕೂತಿದ್ದರು. ಗೌರಾಬಾಯಿ ಅದನ್ನೂ ನೋಡಿದಳು. ಗಂಡನ ಗುಟ್ಟು ಹೆಂಡತಿಯ ಬಾಯಲ್ಲಿದೆ, ಹೇಳಲಾರದೆ ಒದ್ದಾಡುತ್ತಿದ್ದಾಳೆ ಎಂದುಕೊಂಡಳು.

ಜಗಳದ ಸುದ್ದಿ ಅವರವರ ಮನೆ ಸೇರಿ, ಶಶಾಂಕನಿಂದ ಶ್ರೀದೇವಿಗೆ ತಲುಪಿತು. ಆ ಸಂಜೆ ಶ್ರೀದೇವಿ ಕನ್ನಡದಲ್ಲಿ ಮಾತಾಡಿದಳು.

“ಸಾಕು ಯಾಡಿ. ಇನ್ನ ಮ್ಯಾಲ ಕಾಡಿನ ಕಡೆ ವಾಕಿಂಗ್ ಇಲ್ಲ. ಗುಂಪೂ ಬ್ಯಾಡ, ಒಬ್ಬಾಕೀನೂ ಬ್ಯಾಡ. ಕ್ಲಬ್‌ಹೌಸಿನಾಗ ಟ್ರೆಡ್‌ಮಿಲ್ ಅದ, ನಾ ಕರಕೊಂಡು ಹೋಗ್ತೀನಿ.”

“ಎಷ್ಟು ನಡದ್ರೂ ಎಲ್ಲಿಗೂ ಮುಟ್ಟದ ಆ ರಬ್ಬರಿನ ಪಟ್ಟಿ ಮ್ಯಾಲೇನು?”

“ಶೈಲಜಾ ಆಂಟಿಗೆ ಏನಾರ ಆಗಿದ್ರ? ಯಾರು ಜವಾಬ್ದಾರಿ?”

ಆ ಪ್ರಶ್ನೆಗೆ ಉತ್ತರ ಕವಲಿನಲ್ಲಿತ್ತು. ಮುಳ್ಳು ತಿರುವಿದವರನ್ನು ಹಿಡಿದು ತೋರಿಸಿದರೆ ಅವಳ ನಡಿಗೆ ಉಳಿಯುತ್ತದೆ, ಇಲ್ಲದಿದ್ದರೆ ಆ ರಬ್ಬರ್ ಪಟ್ಟಿಯೇ ಗತಿ. ಕೂತು ನೆನೆದಾಗ ಒಂದು ಹೊಳೆಯಿತು. ಮುಳ್ಳು ಹೋದದ್ದು ಪ್ರತಿ ಸಲವೂ ಭಾನುವಾರವೇ. ಮಂಗಳವಾರ ಸಂಜೆ ಮಗಳು ಕಚೇರಿಯಿಂದ ಬರುವ ಮೊದಲೇ ಹೋಗಿ ಹೊಸ ಮುಳ್ಳು ಹಾಕಿ ಬಂದಳು. ವಾರವಿಡೀ ಟ್ರೆಡ್‌ಮಿಲ್ಲಿನ ಮೇಲೆ ಹಲ್ಲು ಕಚ್ಚಿ ನಡೆದಳು.

ಭಾನುವಾರ ಮಗಳು ಮಲಗಿದ್ದಾಗಲೇ ಬಾಗಿಲು ತೆರೆದು ಹೊರಬಿದ್ದು, ತಂಬಾಕಿನ ಕೊಟ್ಟಿಗೆಯೊಳಗೆ ನಿಂತು ಹಲಗೆಯ ಸಂದಿಗೆ ಕಣ್ಣು ಹಚ್ಚಿದಳು. ಹಸಿರು ಗಾಡಿ ಬಂತು. ಇಳಿದವನು ಕಪ್ಪು ಮೈಬಣ್ಣದ ಎತ್ತರದ ಅಜ್ಜ, ಸೊಂಟ ಬಾಗಿದೆ, ಮೈಮೇಲೆ ಇಸ್ತ್ರಿ ಮಾಡಿದ ಕೋಟು, ತಲೆಗೆ ಹ್ಯಾಟು, ಕೈಯಲ್ಲಿ ಕೋಲು. ಕವಲಿಗೆ ಬಂದು ಮುಳ್ಳು ನೋಡಿ ನಿಂತ. ತಲೆ ಅಲ್ಲಾಡಿಸಿದ. ಕೋಲಿನ ತುದಿಯಿಂದ ಹೊರೆಯನ್ನು ಮೀಟಲು ನೋಡಿದ, ಆಗಲಿಲ್ಲ. ಒಂದು ಕೈ ಸೊಂಟಕ್ಕೆ ಕೊಟ್ಟು, ಬಗ್ಗಿ, ನರಳಿ, ಕೊನೆಗೆ ಎತ್ತಿ ಎಸೆದ. ಎತ್ತ ಬಿತ್ತೆಂದು ನೋಡಲೂ ಇಲ್ಲ. ಅದು ಬಲದಾರಿಯ ಅಂಚಿಗೆ ಹೋಗಿ ಬಿತ್ತು. ಅಂಗೈಯಲ್ಲಿ ಮುರಿದ ಮುಳ್ಳನ್ನು ಹಲ್ಲಿನಿಂದ ಕಿತ್ತು ಉಗಿದ.

ಸಿಕ್ಕಿಬಿದ್ದ ಎಂದು ಗೌರಾಬಾಯಿಯ ಒಳಗು ಕುಣಿಯಿತು. ಆದರೆ ಆಟ ಇನ್ನೂ ಮುಗಿದಿರಲಿಲ್ಲ. ಅಜ್ಜ ಗಾಡಿಯಿಂದ ಸಲಿಕೆ, ನೀರಿನ ಬಾಟಲಿ, ಹೂವಿನ ಕಟ್ಟು ತೆಗೆದುಕೊಂಡು ಎಡದಾರಿ ಹಿಡಿದ. ಸಲಿಕೆ, ನೀರು, ಹೂವು. ಅವಳ ಕಾಲು ತಾನಾಗಿ ಅವನ ಹಿಂದೆ ಹೋಯಿತು. ಎಲೆರಾಶಿಯಾಚೆ, ತಾನು ಹಿಂದೆ ತಿರುಗಿ ಬಂದ ಜಾಗ ದಾಟಿದ ಮೇಲೆ, ನೆಲಕ್ಕೆ ಹಬ್ಬಿದ ಬಳ್ಳಿಯ ತುಂಬ ನೀಲಿ ಹೂವು ಅರಳಿದ ಒಂದು ಬಯಲು. ಅದರೊಳಗೆ ಅಲ್ಲಲ್ಲಿ ನಿಂತ ಕಲ್ಲುಗಳು. ಒಂದಕ್ಕೂ ಆಕಾರವಿಲ್ಲ, ಹೊಲದಿಂದ ಎತ್ತಿ ತಂದು ನಿಲ್ಲಿಸಿದಂಥ ಕಲ್ಲುಗಳು. ಅಜ್ಜ ಒಂದೊಂದನ್ನೂ ಮುಟ್ಟಿದ, ಸಲಿಕೆಯಿಂದ ಬುಡದ ಕಸ ಕೆರೆದ, ನೀರು ಸುರಿದ, ಹೂವಿಟ್ಟ. ತುದಿಯ ಕಲ್ಲಿನ ಮುಂದೆ ಹ್ಯಾಟು ತೆಗೆದು ಮಾತಾಡತೊಡಗಿದ.

ನಿರ್ಜನ ಕಾಡು, ಗುಪ್ತ ಕಲ್ಲು, ಪೂಜೆ, ಸಲಿಕೆ. ಗೌರಾಬಾಯಿಗೆ ಇನ್ನೇನು ಬೇಕು? ನಿಧಿ! ಇವನು ಹುಗಿದದ್ದನ್ನು ಕಾಯುತ್ತಿದ್ದಾನೆ ಅಥವಾ ಅಗೆಯಲು ಶಾಸ್ತ್ರ ಮಾಡುತ್ತಿದ್ದಾನೆ. ಅದಕ್ಕೇ ಜನರನ್ನು ದಿಕ್ಕು ತಪ್ಪಿಸುತ್ತಿದ್ದಾನೆ.

ಕಾಲಡಿ ಕಡ್ಡಿ ಮುರಿಯಿತು. ಅಜ್ಜ ತಿರುಗಿದ. ಅವನ ಕಣ್ಣು ಅವಳ ಮುಖದಿಂದ ಕಿಸೆಗೆ ಇಳಿಯಿತು. ಅಲ್ಲಿ ಕತ್ತರಿಯ ಹಿಡಿಕೆ ಹೊರಗೆ ಕಾಣುತ್ತಿತ್ತು. ಅವನು ಕೋಲನ್ನು ಗಟ್ಟಿಯಾಗಿ ಹಿಡಿದು ಏನೋ ಕೇಳಿದ. ಅವಳಿಗೆ ತಿಳಿದದ್ದು ‘ವೈ’ ಎಂಬ ಒಂದೇ ಮಾತು. ತಾನು ಇಷ್ಟು ದಿನ ಜಗತ್ತನ್ನೆಲ್ಲ ನೋಡಿದ ನೋಟವೇ ತಿರುಗಿ ತನ್ನ ಮೇಲೆ ಬಿದ್ದಂತಾಗಿ, ಅವಳು ಬಿರಬಿರನೆ ನಡೆದುಬಿಟ್ಟಳು.

ಸೀದಾ ಹೊಂಡದ ಬೆಂಚಿಗೆ. ಬದರಿನಾಥ ದಂಪತಿ ಆಗಷ್ಟೇ ಬಂದು ಕೂತಿದ್ದರು. ಏದುಸಿರು ಬಿಡುತ್ತಲೇ ಕಂಡದ್ದನ್ನೆಲ್ಲ ಹೇಳಿದಳು.

“ಏನು, ಅಮೆರಿಕಾದಲ್ಲಿ ನಿಧೀನಾ?” ಬದರಿನಾಥರು ತೊಡೆ ತಟ್ಟಿ ನಕ್ಕರು. “ಇರ್ಲಿ, ಅರ್ಧ ನನಗೂ ಕೊಡಿ. ಮುಳ್ಳು ತಿರುಗಿಸಿದ ಕಳ್ಳ ಅಂದ್ರಲ್ಲ, ಅದಕ್ಕೆ ಪರಿಹಾರ. ಈಗಾದ್ರೂ ಒಪ್ಕೋತೀರಾ, ನಾನಲ್ಲ ಅಂತ?”

“ಒಪ್ಪಿದೆ, ನೀವಲ್ಲ. ನಿಮಗ ಅಷ್ಟು ಕೆಲಸ ಮಾಡೋ ತ್ರಾಣ ಇಲ್ಲ.”

“ನೋಡು ಶೈಲಾ, ಕ್ಷಮೆ ಕೇಳೋದೂ ಹೀಗೆ ಈಯಮ್ಮ!”

ಶೈಲಜಾ ನಗಲಿಲ್ಲ. ಸೆರಗು ಬಿಟ್ಟು ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹೇಳಿದರು: “ಅದು ನಿಧಿ ಅಲ್ಲ, ಗೌರಾಬಾಯಿ. ಅವು ಗೋರಿಗಳು.”

“ನಿಮಗ ಹೆಂಗ ಗೊತ್ತು, ಟೀಚರ?”

“ಅವತ್ತು ನಾನೇ ದಾರಿ ಕಂಡ್ಕೊಂಡು ಬಂದೆ ಅಂದೆನಲ್ಲ, ಅದು ಸುಳ್ಳು. ಆ ಅಜ್ಜನೇ ಕೈ ಹಿಡ್ಕೊಂಡು ರಸ್ತೆವರೆಗೂ ಬಿಟ್ರು. ಹಾರ್ವಿ ಅಂತ ಹೆಸರು. ಅವರ ತಾಯಿ ಅಲ್ಲಿದ್ದಾರೆ. ತಾಯಿಯ ತಾಯೀನೂ ಅಲ್ಲೇ. ಅದಕ್ಕೂ ಹಿಂದಿನವರು ಗುಲಾಮರಾಗಿ ಇಲ್ಲೇ ತಂಬಾಕು ಬೆಳೆದವರಂತೆ. ಅವರಿಗೆ ಕಲ್ಲಿನ ಮೇಲೆ ಹೆಸರೂ ಇಲ್ಲ. ಹೊಲ ಹೋಯ್ತು, ಮನೆ ಹೋಯ್ತು, ಇಷ್ಟೆಲ್ಲ ಟೌನ್‌ಹೌಸ್ ಬಂತು. ಉಳಿದಿರೋದು ಅಲ್ಲಿಗೆ ಹೋಗೋ ಆ ಕಾಲುದಾರಿ ಒಂದು.” ಶೈಲಜಾ ಅಜ್ಜನ ಮಾತನ್ನು ಹಾಗೇ ಹೇಳಿದರು: “‘ಈಗ ಅದಕ್ಕೂ ಯಾರೋ ಮುಳ್ಳು ಹಾಕ್ತಿದ್ದಾರೆ, ಪ್ರತಿ ಭಾನುವಾರ ಚರ್ಚಿಗೆ ಮುಂಚೆ ಬಂದು ತೆಗೀತೀನಿ, ನಮ್ಮನ್ನ ಇಲ್ಲಿಂದ ಪೂರ್ತಿ ಅಳಿಸಬೇಕು ಅಂತಿರೋರು ಯಾರು, ನಿಮಗೇನಾದ್ರೂ ಗೊತ್ತಾ?’ ಅಂತ ಕೇಳಿದ್ರು.”

“ನೀವು ಏನಂದ್ರಿ?”

“ಗೊತ್ತಿಲ್ಲ ಅಂದೆ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಇವರ ಮುಂದೆ ಹೇಳಿದ್ರೆ ಇವರು ನಿಮ್ಮನ್ನ ಬಿಡ್ತಿದ್ರಾ? ಈ ನಡಿಗೆ ನಿಂತುಹೋದ್ರೆ ನನಗೂ ಬೇರೆ ಏನಿದೆ ಇಲ್ಲಿ, ಹೇಳಿ.”

ಬದರಿನಾಥರು ಕೈಗಡಿಯಾರ ತಿರುಗಿಸುತ್ತ ಕೂತರು.

ಗೌರಾಬಾಯಿ ನೆಲ ನೋಡಿದಳು. ಮುಳ್ಳಿಗೆ ಇನ್ನೊಂದು ಅರ್ಥವಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅವಳು ಲಂಗ ತೊಡುವ ಹುಡುಗಿಯಾಗಿದ್ದಾಗ, ತಾಂಡಾದ ಸುಡುಗಾಡಿಗೆ ಹೋಗುವ ದಾರಿಗೆ ಊರಗೌಡ ಜಾಲಿಮುಳ್ಳು ಬಡಿಸಿದ್ದ, ತನ್ನ ಹೊಲದಂಚು ಮೈಲಿಗೆಯಾಗುತ್ತದೆಂದು. ಅವಳ ಅಜ್ಜಿ ತೀರಿಕೊಂಡಾಗ ಚಟ್ಟ ಹೊತ್ತವರು ಹಳ್ಳದ ಕೆಸರಿನಲ್ಲಿ ಸೊಂಟದವರೆಗೆ ಇಳಿದು ಸುತ್ತಿ ಹೋಗಬೇಕಾಯಿತು. ಮುಳ್ಳು ಹಾಕಿಸಿದವನನ್ನು ಧನಸಿಂಗ ಸಾಯುವತನಕ ಹೆಸರು ಹಿಡಿದು ಕರೆಯಲಿಲ್ಲ, ಅವನ ಮಾತು ಬಂದರೆ ಪಕ್ಕಕ್ಕೆ ಉಗುಳುತ್ತಿದ್ದ. ಈ ಅಜ್ಜನೂ ಇವತ್ತು ಮುಳ್ಳು ಕಿತ್ತು ಉಗಿದದ್ದನ್ನು ಅವಳು ನೋಡಿದ್ದಳು. ಹಲಗೆಯ ಸಂದಿಯಿಂದ ನೋಡಿ ಒಳಗೊಳಗೇ ಕುಣಿದಿದ್ದಳು.

“ಹೋಗ್ಲಿ ಬಿಡಿ, ಗೊತ್ತಿಲ್ದೆ ಆಗಿದ್ದು,” ಎಂದರು ಬದರಿನಾಥರು ಕೊನೆಗೆ, ದನಿ ತಗ್ಗಿಸಿ. “ಬರೋ ಭಾನುವಾರ ನಾನೇ ಬಂದು ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ. ಇಡೀ ಸರ್ವೀಸೆಲ್ಲ ಇಂಗ್ಲಿಷಲ್ಲೇ ಮಾಡಿದೀನಿ.”

ಗೌರಾಬಾಯಿ ಅಲ್ಲಿಂದ ಎದ್ದು ಕವಲಿಗೆ ಹೋಗಿ, ಬಲದಾರಿಯಂಚಿನ ಹೊರೆಯನ್ನೂ ಪೊದೆಯಾಚೆ ಕೊಳೆಯುತ್ತಿದ್ದ ಹಳೆಯ ಹೊರೆಗಳನ್ನೂ ಎಳೆದು ತೋಪಿನ ಆಳಕ್ಕೆ ಸಾಗಿಸಿದಳು. ಹಸಿರು ಗಾಡಿ ಆಗಲೇ ಹೋಗಿತ್ತು. ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದಳು. ಈ ಸಲ ಲಂಬಾಣಿಯಲ್ಲಿ.

ಆ ವಾರ ಶ್ರೀದೇವಿ ತಾಯಿಯ ಮೇಲೆ ಸಿಟ್ಟಾಗುವುದನ್ನು ಬಿಟ್ಟು ತಯಾರಿಗೆ ಬಿದ್ದಳು. ಅಂಗಡಿಯಿಂದ ಬಿಳಿ ಲಿಲ್ಲಿ ಹೂವು ತಂದಳು, ಬಿಸ್ಕತ್ತಿನ ಡಬ್ಬಿ ತಂದಳು. ಶನಿವಾರ ಸಂಜೆ ತಾಯಿಯ ಎದುರು ಕೂತು, ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿ ತೋರಿಸಿದಳು. ಮಾತು ಚೆಂದವಿತ್ತು. ಗೌರಾಬಾಯಿ ಕೇಳುತ್ತ, ಆ ಅಜ್ಜ ತನ್ನನ್ನು ಓಡಿಸಿದರೆ ಈ ಡಬ್ಬಿಯನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ಯೋಚಿಸುತ್ತಿದ್ದಳು. ಓಡಿಸಬಹುದು. ಪೊಲೀಸರನ್ನು ಕರೆಯಬಹುದು. ಅವನ ಜಾಗದಲ್ಲಿ ತಾನಿದ್ದರೆ ನಂಬುತ್ತಿದ್ದೆನೇ? ಇಲ್ಲ, ಖಂಡಿತ ಇಲ್ಲ.

ಭಾನುವಾರ ಬೆಳಿಗ್ಗೆ ಅವಳು ಬೂಟು ಹಾಕಿಕೊಂಡು ಬಾಗಿಲಿಗೆ ಬಂದಾಗ ಶ್ರೀದೇವಿ ಕಾರಿನ ಕೀಲಿ ಹಿಡಿದು ನಿಂತಿದ್ದಳು, ಹೂವು ಕಂಕುಳಲ್ಲಿ. ಹೊರಗೆ ಬದರಿನಾಥರೂ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. ಗೌರಾಬಾಯಿ ಸ್ವೆಟರಿನ ಕಿಸೆಯಿಂದ ಕತ್ತರಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಗಳ ಕೈಯ ಹೂವನ್ನು ಮುಟ್ಟಿ ನೋಡಿದಳು, ತೆಗೆದುಕೊಳ್ಳಲಿಲ್ಲ.

“ಬ್ಯಾಡವ್ವ. ನೀವ್ಯಾರೂ ಬರಬ್ಯಾಡ್ರಿ. ಬದರಿನಾಥರ, ನೀವೂ ಮನಿಗೆ ನಡೀರಿ, ಚಹಾ ಕುಡೀರಿ. ನನ್ನ ಪರವಾಗಿ ನೀವು ಮಾತಾಡಿದ್ರ ಅಂವ ನಿಮ್ಮ ಮಾರಿ ನೋಡ್ತಾನ, ನನ್ನ ಮಾರಿ ನೋಡಂಗಿಲ್ಲ. ಮುಳ್ಳು ಹಾಕಿದಾಕಿ ಯಾರಂತ ಅಂವಗ ಕಾಣಬೇಕು. ಕೈ ಮುಗೀತೀನಿ, ಆ ಬಯಲಿನ ಕಸ ಕಿತ್ತು ಕೂಡ್ತೀನಿ. ಬೈದ್ರ ಬೈಲಿ, ಬೈಗುಳ ಯಾವ ಭಾಷಾದಾಗಿದ್ರೂ ನನಗ ತಿಳೀತದ. ಎದ್ದು ಹೋಗು ಅಂದ್ರ ಎದ್ದು ಬರ್ತೀನಿ, ಮುಂದಿನ ಐತವಾರ ಮತ್ತ ಹೋಗ್ತೀನಿ. ನೀ ಕಾರಿನ ಕೀಲಿ ಒಳಗಿಡು, ಶ್ರೀದೇವಿ. ನಾ ಒಬ್ಬಾಕೀನ ನಡಕೊಂಡು ಹೋಗ್ತೀನಿ.”